ಹೊಲಿಗೆ ತರಗತಿಯ ಹೊಸ ತಗಡು

ಅರವತ್ತರ ದಶಕದ ಕೊನೆಗೆ ನಾನು ಶಿಗ್ಗಾಂವದಲ್ಲಿ ಹೊಲಿಗೆ ತರಗತಿ ನಡೆಸುತ್ತಿದ್ದೆ. ಬಾಡಿಗೆ ಮನೆಯ ಹಿತ್ತಲಿಗೆ ಹೊಂದಿಕೊಂಡ ಉದ್ದನೆಯ ಕೋಣೆ, ಐದು ಮಷಿನ್ನು, ಹನ್ನೊಂದು ಹೆಣ್ಣುಮಕ್ಕಳು. ಕೋಣೆಗೆ ಒಂದೇ ಕಿಟಕಿ. ಮೋಡ ಕವಿದ ದಿನ ಸೂಜಿಗೆ ದಾರ ಪೋಣಿಸಲು ಎಲ್ಲರೂ ಬಾಗಿಲಿಗೆ ಬರಬೇಕಾಗುತ್ತಿತ್ತು. ಅದಕ್ಕೇ ಮನೆಯ ಮಾಲೀಕರು ಹಂಚು ಇಳಿಸಿ, ಹುಬ್ಬಳ್ಳಿಯಿಂದ ಗಾಜಿನ ಎಳೆ ಸೇರಿಸಿ ಮಾಡಿದ, ಬೆಳಕು ಹಾಯುವ ಫೈಬರ್‌ಗ್ಲಾಸ್ ತಗಡು ತರಿಸಿ ಹಾಕಿಸಿದರು. ನಮ್ಮ ಕಡೆ ಆಗ ಅದು ಹೊಸದು. ನೋಡಲಿಕ್ಕೆಂದೇ ಓಣಿಯವರು ಬಂದು ಹೋದರು.

ಬೆಳಕೇನೋ ಚೆನ್ನಾಗಿ ಬಂತು. ಆದರೆ ತಗಡಿನ ಒಳಮೈ ನಯವಾಗಿರಲಿಲ್ಲ. ಅಲ್ಲಲ್ಲಿ ಹಪ್ಪಳದ ಮೇಲಿನಂಥ ಗುಳ್ಳೆ, ಸೂಜಿ ಚುಚ್ಚಿದಂಥ ಚುಕ್ಕೆ. ಒಂದು ಮೂಲೆಯಲ್ಲಂತೂ ಕೂದಲಿನಂಥ ಎಳೆಗಳು ಎದ್ದು ನಿಂತಿದ್ದವು. ತಗಡು ಕೂಡಿಸಿದ ಮಿಸ್ತ್ರಿಗೆ ತೋರಿಸಿದೆ. ಹೊಸ ಮಾಲು ಇರುವುದೇ ಹಾಗೆ, ಮಳೆ ಸೋರದಿದ್ದರೆ ಆಯಿತಲ್ಲ ಎಂದು ಅವನು ಏಣಿ ಎತ್ತಿಕೊಂಡು ಹೋದ. ನಾನೂ ಸುಮ್ಮನಾದೆ.

ಆ ಮೂಲೆಯ ಮಷಿನ್ನು ಹತ್ತಿರದ ಹಳ್ಳಿ ಹಿರೇಬೆಂಡಿಗೇರಿಯಿಂದ ದಿನಾ ಬರುತ್ತಿದ್ದ ಒಂದು ಮನೆಯ ಸೊಸೆಯದು. ಮಾತು ಕಡಿಮೆ, ಕೈ ಚುರುಕು. ಗುಂಡಿಯ ಕಾಜಾ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ತಗಡು ಹಾಕಿ ಹದಿನೈದು ದಿನವಾಗಿರಬೇಕು, ಅವಳ ಮುಂಗೈ, ಕುತ್ತಿಗೆಯ ಮೇಲೆ ಕೆಂಪು ದದ್ದು ಎದ್ದವು. ಹೊಲಿಯುತ್ತಲೇ ತುರಿಸಿಕೊಳ್ಳುತ್ತಿದ್ದಳು. ಉಳಿದವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ತಮ್ಮ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಅವಕ್ಕೂ ಹತ್ತಿದರೆ ಏನು ಗತಿ ಎಂದರು.

ಅವಳನ್ನು ಬದಿಗೆ ಕರೆದು ಕೇಳಬಹುದಿತ್ತು. ನಾನು ಎಲ್ಲರೂ ಕುಳಿತಿದ್ದಾಗಲೇ ಹೇಳಿಬಿಟ್ಟೆ.

"ನೋಡವಾ, ಇದು ಕಜ್ಜಿ ಇದ್ದಂಗ ಐತಿ. ಪೂರಾ ಕಡಿಮಿ ಆದ ಮ್ಯಾಲ ಬಾ."

ಮಷಿನ್ನುಗಳ ಸದ್ದು ನಿಂತಿತು. ಅವಳು ಅರ್ಧ ಹೊಲಿದ ಜಂಪರನ್ನು ಮಡಚಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಟಳು.

ಆ ಮಷಿನ್ನನ್ನು ಇನ್ನೊಬ್ಬಳಿಗೆ ಕೊಟ್ಟೆ. ವಾರದೊಳಗೆ ಅವಳ ಕೈಗೂ ದದ್ದು ಬಂತು. ಬಟ್ಟೆಯದೇ ದೋಷವೆಂದು ಎಲ್ಲವನ್ನೂ ಕುದಿಯುವ ನೀರಿಗೆ ಹಾಕಿ ಒಗೆಸಿದೆ. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ನಾನೇ ಎರಡು ದಿನ ಅಲ್ಲಿ ಕುಳಿತು ಹೊಲಿದೆ. ಮೂರನೆಯ ದಿನ ಬೆಳಿಗ್ಗೆ ನನ್ನ ಮೊಣಕೈಯ ಒಳಬದಿಗೆಲ್ಲ ದದ್ದು, ಉರಿ, ತುರಿಕೆ. ತಲೆ ಎತ್ತಿ ನೋಡಿದೆ. ಮೇಜು ಏರಿ ನಿಂತು, ಕರಿ ಬಟ್ಟೆಯ ಚೂರನ್ನು ಒದ್ದೆ ಮಾಡಿ ತಗಡಿನ ಮೂಲೆ ಒರೆಸಿದೆ. ಬಟ್ಟೆಯ ತುಂಬ ಗಾಜಿನ ಸಣ್ಣ ಸಣ್ಣ ಎಳೆಗಳು ಮಿನುಗಿದವು; ಅವೇ ಮೇಲಿಂದ ಉದುರಿ ಮೈಗೆ ಚುಚ್ಚುತ್ತಿದ್ದವು.

ಅದನ್ನು ತೋರಿಸಿದ ಕೂಡಲೇ ಮಾಲೀಕರು ಮಿಸ್ತ್ರಿಗೆ ಹೇಳಿ ಕಳಿಸಿದರು. ನಾನು ಅವನು ಬರುವತನಕ ಕಾಯಲಿಲ್ಲ. ಮರುದಿನವೇ ಹಿರೇಬೆಂಡಿಗೇರಿಗೆ ಹೋದೆ.

ಬಾಗಿಲಲ್ಲಿ ಅವಳ ಅತ್ತೆ ನಿಂತಿದ್ದರು. ಒಳಗೆ ಕರೆಯಲಿಲ್ಲ.

"ಕಜ್ಜಿ ಮನಿಗೆ ಯಾಕ ಬಂದ್ರಿ, ಅಕ್ಕಾರ?" ಎಂದರು.

ನಾನು ತೋಳು ಮೇಲೆ ಸರಿಸಿ ನನ್ನ ದದ್ದುಗಳನ್ನೇ ತೋರಿಸಿದೆ. ತಗಡಿನ ವಿಷಯ ಹೇಳಿದೆ. ತಪ್ಪು ನನ್ನದೇ ಎಂದೆ. ಅವರು ನನ್ನ ಕೈ ನೋಡಿ, ಪಡಸಾಲೆಯಲ್ಲಿ ಚಾಪೆ ಹಾಸಿ ನೀರು ತಂದುಕೊಟ್ಟರು.

ಸೊಸೆ ಹೊರಗೆ ಬಂದಳು. ಅವಳ ಕೈಯಲ್ಲಿ ಒಂದು ದದ್ದೂ ಉಳಿದಿರಲಿಲ್ಲ. ಮನೆಯಲ್ಲಿ ಕುಳಿತ ನಾಲ್ಕೇ ದಿನದಲ್ಲಿ ಹೋಯಿತಂತೆ. ಆ ಕೋಣೆಯದೇ ಏನೋ ದೋಷವಿದೆ ಎಂದು ಅವಳಿಗೆ ಆಗಲೇ ಅನ್ನಿಸಿತ್ತಂತೆ. ಬಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಯಾರು ಕೇಳತಿದ್ರು ನನ್ನ ಮಾತು?" ಎಂದಳು. ಆಮೇಲೆ ಮೊದಲಿನ ಮೆತ್ತನೆಯ ದನಿಯಲ್ಲೇ ಹೇಳಿದಳು: "ಅವತ್ತ ಎಲ್ಲಾರ ಮುಂದ ಅಂದ್ರಿ. ಇದನ್ನೂ ಎಲ್ಲಾರ ಮುಂದನ ಹೇಳ್ರಿ. ಬರ್ತೇನಿ."

ಹೇಳಿದೆ. ಮುಂದಿನ ಸೋಮವಾರ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಹೇಳಿದೆ. ಪಿಸುಗುಟ್ಟಿದವರು ತಲೆ ತಗ್ಗಿಸಿ ಬಟ್ಟೆ ಸರಿಪಡಿಸತೊಡಗಿದರು. ಅವಳು ಮಾತ್ರ, ಮೂಲೆಯಿಂದ ಕಿಟಕಿಯ ಬಳಿಗೆ ಸರಿಸಿಟ್ಟಿದ್ದ ತನ್ನ ಮಷಿನ್ನಿಗೆ ಹೋಗಿ ಕುಳಿತು, ಅದರ ಬಾಬಿನ್ ಯಾರು ಬದಲಿಸಿದ್ದು ಎಂದಷ್ಟೇ ಕೇಳಿದಳು.

ಅದೇ ವಾರ ಮಿಸ್ತ್ರಿಯೂ ಬಂದ. ತಗಡಿನ ಒರಟು ಮೈ ಕೆಳಗಾಗುವಂತೆ ಹಾಕಿದ್ದು, ಮೂಲೆಯಲ್ಲಿ ಗರಗಸದಿಂದ ಕೊಯ್ದ ಅಂಚನ್ನು ಹಾಗೇ ಬಿಟ್ಟದ್ದು ತನ್ನದೇ ತಪ್ಪು ಎಂದು ಒಪ್ಪಿಕೊಂಡ. ತಿರುಗಿಸಿ ಹಾಕಿ, ಅಂಚಿಗೆ ಅಂಟು ಬಳಿದ. ಅದರ ಘಾಟಿಗೆ ಎರಡು ದಿನ ಹಿತ್ತಲಿನಲ್ಲೇ ಹೊಲಿದೆವು.