ಹಸಿ ಹಾಳೆ

ನಮ್ಮ ಫ್ಯಾಕ್ಟರಿಯಲ್ಲಿ ಅವನನ್ನು ಉಬ್ಬಣ್ಣ ಎಂದೇ ಕರೆಯುತ್ತಿದ್ದೆವು. ಆಳು ಮಾತ್ರ ಒಣಕಲು ಕಡ್ಡಿ. ಫೋಮ್ ಹಾಳೆ ಉಬ್ಬಿಸುವ ಮಿಷನ್ನು ಅವನ ಕೈಯಲ್ಲಿತ್ತು, ಅದಕ್ಕೆ ಆ ಹೆಸರು.

"ಪ್ಲಾಸ್ಟಿಕ್ಕನ್ನ ಅಷ್ಟು ಉಬ್ಬಿಸ್ತೀಯ, ನಿನ್ನ ಕೆನ್ನೆ ಒಂಚೂರು ಉಬ್ಬಿಸ್ಕೋಬಾರದಾ?" ಎಂದು ಲೋಡಿಂಗಿನವರು ನಾವು ಕೆಣಕುತ್ತಿದ್ದೆವು.

"ನಮ್ಮನೇಲಿ ಉಬ್ಬೋ ಕೆಲಸ ಬಾಮೈದ ನೋಡ್ಕೋತಾನೆ ಬಿಡ್ರೋ" ಎನ್ನುತ್ತಿದ್ದ.

ಟಿವಿ, ಫ್ರಿಜ್ಜು ಪ್ಯಾಕ್ ಮಾಡುವಾಗ ಸುತ್ತುವ ಬಿಳಿ ಮೆತ್ತನೆ ಹಾಳೆ ಇದೆಯಲ್ಲ, ಅದೇ ನಮ್ಮ ಮಾಲು. ಪ್ಲಾಸ್ಟಿಕ್ ಹರಳನ್ನು ಮಿಷನ್ನಿನ ಬಾಯಿಗೆ ಸುರಿಯುತ್ತೇವೆ. ಒಳಗೆ ಉದ್ದನೆ ಸ್ಕ್ರೂ ತಿರುಗುತ್ತ ಅದನ್ನು ಕರಗಿಸಿ ಮುಂದೆ ತಳ್ಳುತ್ತದೆ. ಕರಗಿದ ಮೇಲೆ ಪಂಪು ಅದರೊಳಕ್ಕೆ ಗ್ಯಾಸು ಒತ್ತುತ್ತದೆ. ಒತ್ತಡ ಇರುವ ತನಕ ಗ್ಯಾಸು ನೀರಲ್ಲಿ ಸಕ್ಕರೆ ಕರಗಿದ ಹಾಗೆ ತೆಪ್ಪಗಿರುತ್ತದೆ. ತುದಿಯ ಸಣ್ಣ ಕಿಂಡಿ, ಅದೇ ಡೈ, ಅದರಿಂದ ಆಚೆ ಬಂದದ್ದೇ ತಡ, ಬಿಗಿ ತಪ್ಪಿ ಲೆಕ್ಕವಿಲ್ಲದಷ್ಟು ಗುಳ್ಳೆಯಾಗಿ ಉಬ್ಬುತ್ತದೆ. ಬಿಸಿ ಹೆಚ್ಚಾದರೆ ಗುಳ್ಳೆ ಒಡೆದು ಹಾಳೆ ಕುಸಿಯುತ್ತದೆ. ಕಡಿಮೆಯಾದರೆ ಉಬ್ಬುವುದೇ ಇಲ್ಲ.

ಹಾಳೆಯನ್ನು ಸುರುಳಿ ಸುತ್ತಿದ ಮೇಲೂ ಗ್ಯಾಸು ಗುಳ್ಳೆಗಳಲ್ಲೇ ಇರುತ್ತದೆ. ಅದು ಮೆಲ್ಲಗೆ ಆಚೆ ಹೋಗಿ, ಗಾಳಿ ಒಳಗೆ ಬರಬೇಕು. ಅಲ್ಲಿಯವರೆಗೆ ಆ ಸುರುಳಿಗೆ ನಾವು 'ಹಸಿ' ಅನ್ನುತ್ತೇವೆ. ಬಾಣಂತಿಯದು ಹಸಿ ಮೈ ಅನ್ನುವುದಿಲ್ಲವೇ, ಹಾಗೆ. ನೀರಿಗೂ ಅದಕ್ಕೂ ಸಂಬಂಧವಿಲ್ಲ. ಆ ಗ್ಯಾಸು ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ನಾವು ತರಿಸುವುದಕ್ಕೆ ವಾಸನೆಯೂ ಇಲ್ಲ. ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಡಿಕೊಳ್ಳುತ್ತದೆ. ಅದಕ್ಕೇ ಹಸಿ ಸುರುಳಿಗೆ ಜಾಲರಿ ಗೋಡೆಯ ಬೇರೆ ಶೆಡ್ಡು ಇದೆ.

ಇನ್ನು ಬಾಮೈದ. ಉಬ್ಬಣ್ಣನ ಹೆಂಡತಿಯ ಒಬ್ಬನೇ ತಮ್ಮ. ತಾಯಿ ಹೋದ ಮೇಲೆ ಅಕ್ಕನೇ ಎತ್ತಿ ಆಡಿಸಿ ಸಾಕಿದ್ದಳು. ಯಾವಾಗಲೂ ಇಸ್ತ್ರಿ ಅಂಗಿ, ಬಾಚಿದ ತಲೆ; ನಾವು ಮದುಮಗ ಅನ್ನುತ್ತಿದ್ದೆವು. ಯಾವ ಕೆಲಸದಲ್ಲೂ ನಿಂತವನಲ್ಲ. ಭಾವ ಒಂದು ಹೇಳಿದರೆ ಮೂತಿ ಉಬ್ಬಿಸಿಕೊಂಡು ಎದ್ದು ಹೋಗುವವನು. ಕಡೆಗೆ ಉಬ್ಬಣ್ಣ ಯಜಮಾನರ ಹಿಂದೆ ಮುಂದೆ ಸುತ್ತಿ ಅವನನ್ನು ಸ್ಟೋರಿಗೆ ಸೇರಿಸಿದ. ಮೊದಲ ದಿನ ಹೆಂಡತಿ ಬಾಗಿಲಲ್ಲಿ ನಿಂತು, "ಅವನನ್ನ ನಿಮ್ಮ ಮಡಿಲಿಗೆ ಹಾಕಿದೀನಿ. ಹೋದಂಗೇ ವಾಪಸ್ ಕರ್ಕೊಂಡು ಬನ್ನಿ" ಎಂದಿದ್ದಳು.

ಆ ವಾರ ಜಾಲರಿ ಶೆಡ್ಡಿನ ತಗಡು ಬದಲಾಯಿಸುತ್ತಿದ್ದರು. ಹಸಿ ಸುರುಳಿ ಇಡಲು ಬೇರೆ ಜಾಗವಿಲ್ಲ. ಕಿಟಕಿ ಬಾಗಿಲೆಲ್ಲ ತೆಗೆದು ಸ್ಟೋರಿನಲ್ಲಿಯೇ ಇಡಿ ಅಂದರು ಯಜಮಾನರು. ಬೆಳಿಗ್ಗೆ ನಾವು ಹೊತ್ತು ಜೋಡಿಸುವಾಗ ಉಬ್ಬಣ್ಣ ಬಂದು ಬಾಮೈದನಿಗೆ ಹೇಳಿದ: "ಇವು ಹಸಿ ಇದಾವೆ ಕಣಪ್ಪ. ಹುಷಾರಾಗಿ ನೋಡ್ಕೋ."

"ಆಯ್ತು ಭಾವ, ನಾನೇನು ಕೂಸಾ?"

ಅಷ್ಟೇ ಮಾತು. ಮಿಷನ್ನು ಕೂಗುತ್ತಿತ್ತು, ಉಬ್ಬಣ್ಣ ಓಡಿದ.

ಮಧ್ಯಾಹ್ನ ತುಂತುರು ಹನಿ ಶುರುವಾಯಿತು. ನಾನು ಕೈಗಾಡಿ ತಳ್ಳಿಕೊಂಡು ಸ್ಟೋರಿನ ಕಡೆ ಹೋದೆ. ಕಿಟಕಿಗಳೂ ಮುಚ್ಚಿದ್ದವು, ಬಾಗಿಲೂ ಮುಚ್ಚಿತ್ತು. ಬಡಿದೆ.

"ಯಾರು? ಆಮೇಲೆ ಬನ್ನಿ" ಎಂದ ಮದುಮಗ ಒಳಗಿಂದ. "ಬಾಗಿಲು ತೆಗೆದ್ರೆ ಥಂಡಿ ಬರುತ್ತೆ. ಹಸಿ ಮಾಲು ಒಣಗಿಸ್ತಿದೀನಿ. ಆಫೀಸಿಂದ ಹೀಟರ್ ತಂದು ಮೇಜಿನ ಮೇಲಿಟ್ಟು ಹಚ್ಚಿದೀನಿ. ಸಂಜೆ ಭಾವ ನೋಡಿದ್ರೆ ಮೂಗಿನ ಮೇಲೆ ಬೆರಳು ಇಡಬೇಕು!"

ನಾನು ಬಾಗಿಲನ್ನು ದಬದಬ ಬಡಿದೆ. "ಲೋ, ಆಚೆ ಬಾರೋ!" ಎಂದು ಕೂಗಿದೆ. ತಗಡಿನ ಮೇಲೆ ಹನಿ ಸದ್ದು. "ಹೋಗಯ್ಯ, ತಮಾಷೆ ಸಾಕು" ಎಂದ. ಚಿಲಕ ಒಳಗಿಂದ ಹಾಕಿತ್ತು. ನಾನು ಮಿಷನ್ ಶೆಡ್ಡಿಗೆ ಓಡಿ ಉಬ್ಬಣ್ಣನಿಗೆ ಹೇಳಿದೆ.

ಅವನ ಮುಖ ಸುಣ್ಣ ಬಳಿದ ಹಾಗಾಯಿತು. ಹೀಟರ್ ಮೇಜಿನ ಮೇಲಿದೆ, ಗ್ಯಾಸು ನೆಲದಿಂದ ಏರುತ್ತಿದೆ. ಎಲ್ಲಿಯವರೆಗೆ ಏರಿದೆಯೋ ಯಾರಿಗೆ ಗೊತ್ತು? ಫೋನ್ ಮಾಡಲು ನಾನು ಜೇಬಿಗೆ ಕೈ ಹಾಕಿದೆ. ಅವನು ಕೈ ಹಿಡಿದುಕೊಂಡ.

"ಬೇಡ. 'ಹೀಟರ್ ಆರಿಸು' ಅಂದ್ರೆ ಸ್ವಿಚ್ಚಿಗೆ ಕೈ ಹಾಕ್ತಾನೆ. ಅದೇ ಕಿಡಿ ಸಾಕು."

ಗ್ಯಾಸಿನ ವಾಲ್ವು ತಿರುಗಿಸಿದ. ಗೋಡೆಯ ಮೇಲಿನ ಮೇನ್ ಸ್ವಿಚ್ಚನ್ನು ಎರಡೂ ಕೈಯಲ್ಲಿ ಕೆಳಗೆಳೆದ. ಇಡೀ ಫ್ಯಾಕ್ಟರಿ ಸತ್ತ ಹಾಗಾಯಿತು. ಮಿಷನ್ನು ಹೊಟ್ಟೆ ತುಂಬ ಕರಗಿದ ಪ್ಲಾಸ್ಟಿಕ್ ಇಟ್ಟುಕೊಂಡು ನಿಂತಿತು. ಅದು ಗಟ್ಟಿಯಾದರೆ ಸ್ಕ್ರೂ ಬಿಚ್ಚಬೇಕು, ಕೆಲಸ ಉಳಿಯುತ್ತೋ ಇಲ್ಲವೋ. ಅವನು ಅತ್ತ ತಿರುಗಿಯೂ ನೋಡಲಿಲ್ಲ.

ಒಂದು ಉಸಿರು ಬಿಟ್ಟೆವು. ಅಷ್ಟರಲ್ಲಿ ಉಬ್ಬಣ್ಣ ತಲೆ ಚಚ್ಚಿಕೊಂಡ.

"ಅಯ್ಯೋ, ಕತ್ತಲಾಯ್ತಲ್ಲೋ! ಅವನು ಬೀಡಿ ಸೇದ್ತಾನೆ ಕಣೋ! ಲೈಟರ್ ಹಚ್ತಾನೆ!"

ಓಡಿದ. ಚಪ್ಪಲಿ ಒಂದು ಕಡೆ, ಅವನು ಒಂದು ಕಡೆ. ಅಂಗಳದ ಕೆಸರಲ್ಲಿ ಬಿದ್ದ, ಎದ್ದ. ನಾನೂ ಬೆನ್ನಿಗೇ ಓಡಿದೆ. ಕೂಗಿದರೆ ಏನೆಂದು ಕೂಗುವುದು? ಲೈಟರ್ ಹಚ್ಚಬೇಡ ಅಂದರೆ ಆ ಹಟಮಾರಿಗೆ ಲೈಟರ್ ನೆನಪು ಮಾಡಿದ ಹಾಗೆ. ಬಾಗಿಲಿಗೆ ಮೈ ಒತ್ತಿ ನಿಂತು, ಏದುಸಿರು ನುಂಗಿ, ಮೆತ್ತಗೆ ಕರೆದ.

"ಅಪ್ಪಾ... ಏನ್ಮಾಡ್ತಿದೀಯ?"

"ಕರೆಂಟ್ ಹೋಯ್ತು ಭಾವ. ಲೈಟರ್ ಎಲ್ಲೋ ಬಿತ್ತು, ತಡಕ್ತಿದೀನಿ."

ಉಬ್ಬಣ್ಣ ಧ್ವನಿಯಲ್ಲಿ ನಡುಕ ಬರದ ಹಾಗೆ ಮಾತಾಡಿದ.

"ಅದು ಇರಲಿ ಬಿಡು. ನೀನು ಒಣಗಿಸಿದ್ದು ಚೆನ್ನಾಗಾಗಿದೆಯಂತೆ. ಯಜಮಾನರು ನಿನ್ನನ್ನೇ ಕೇಳ್ತಿದಾರೆ. ಬೇಗ ಬಾರಪ್ಪ."

"ಹೌದಾ! ತಡೀರಿ, ಸಿಕ್ತು ಲೈಟರ್..."

"ಬೇಡ! ಗೋಡೆ ಹಿಡ್ಕೊಂಡು ಹಂಗೇ ಬಾ. ನಿಂಗೆ ಕೈ ಮುಗೀತೀನಿ, ಬಾ."

ನಾನು ಕಣ್ಣು ಮುಚ್ಚಿಕೊಂಡೆ. ಎಷ್ಟು ಹೊತ್ತೋ ಗೊತ್ತಿಲ್ಲ. ಚಿಲಕ ಸರಿಯಿತು. ಮದುಮಗ ಹೊರಗೆ ಬಂದ, ಮುಖ ತುಂಬ ನಗು, ಕೈಯಲ್ಲಿ ಲೈಟರ್.

ಉಬ್ಬಣ್ಣ ಅವನನ್ನು ಅಂಗಳದ ಆ ತುದಿಯವರೆಗೆ ಎಳೆದುಕೊಂಡು ಹೋದ. ಲೈಟರ್ ಕಿತ್ತು ಮೋರಿಗೆ ಎಸೆದ. ಆಮೇಲೆ ಕೆನ್ನೆಗೆ ಬಾರಿಸಿದ. ಒಂದಲ್ಲ, ನಾವು ಹಿಡಿದುಕೊಳ್ಳುವ ತನಕ.

"ಒಳ್ಳೇದು ಮಾಡೋಕೆ ಹೋದ್ರೆ ಹೊಡೀತೀರಾ?" ಎಂದು ಅವನು ಅಳುತ್ತ ಗೇಟು ದಾಟಿ ಹೋದ. ಹಿಂದೆ ಹೋಗುವ ಶಕ್ತಿ ಉಬ್ಬಣ್ಣನಿಗಿರಲಿಲ್ಲ.

ಸ್ಟೋರಿನ ಕಿಟಕಿಗಳನ್ನು ಹೊರಗಿಂದ ತೆಗೆದು ಬಿಟ್ಟೆವು. ಯಜಮಾನರು ಬಂದು ಸತ್ತ ಮಿಷನ್ನನ್ನು ಮುಟ್ಟಿ ನೋಡಿದರು. "ನಾಳೆ ಆಫೀಸಿಗೆ ಬಾ" ಎಂದಷ್ಟೇ ಉಬ್ಬಣ್ಣನಿಗೆ ಅಂದರು.

ಸಂಜೆ ಅವನ ಜೊತೆ ನಾನೂ ಮನೆಗೆ ಹೋದೆ. ಅವನು ಒಬ್ಬನೇ ನಡೆಯುವ ಹಾಗಿರಲಿಲ್ಲ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ನನ್ನ ತಮ್ಮನ ಮೇಲೆ ಕೈ ಮಾಡಿದ್ರಾ?"

"ಮಾಡಿದೆ. ಮನೆಗೆ ಬಂದ್ನಾ?"

"ಬಂದ. ಗೋಡೆಗೆ ಮುಖ ಮಾಡಿ ಮಲಗಿದಾನೆ, ಊಟ ಮುಟ್ಟಿಲ್ಲ. ಹೆತ್ತಪ್ಪ ಹೊಡೆದವನಲ್ಲ ಅವನಿಗೆ. ಯಾಕೆ ಹೊಡೆದ್ರಿ?"

"ಬದುಕಿದ್ನಲ್ಲ, ಅದಕ್ಕೆ."

ಅವಳು ನನ್ನ ಮುಖ ನೋಡಿದಳು. ನಾನು ನಡೆದದ್ದು ಹೇಳಿದೆ. ಅವಳು ಹೊಸ್ತಿಲ ಮೇಲೆಯೇ ಕುಸಿದು ಕೂತಳು.

ಉಬ್ಬಣ್ಣ ಒಳಗೆ ಹೋಗಿ ಚಾಪೆಯ ಪಕ್ಕ ಕೂತ. ಬಾಮೈದನ ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು. ಅದನ್ನೇ ನೋಡುತ್ತಿದ್ದ. ಬಾಮೈದ ಗೋಡೆ ಕಡೆಯಿಂದ ತಿರುಗದೆಯೇ ಅಂದ:

"ಹಸಿ ಅಂದಿದ್ದು ನೀವೇ ಅಲ್ವಾ ಭಾವ."

"ಹೂಂ ಕಣಪ್ಪ. ನಾನೇ."

ಉಬ್ಬಣ್ಣ ಕೆಸರು ಮೆತ್ತಿದ ಅಂಗಿಯಲ್ಲೇ ಅವನ ಪಕ್ಕ ಉರುಳಿಕೊಂಡ.