ಕಂದು ಹತ್ತಿ, ಶರಣಮ್ಮನ ಕೈ

ಮೆಕ್ಸಿಕೋದಲ್ಲಿ ನಾವು ಗಂಡ ಹೆಂಡತಿ, ಯಾವ ಬಸ್ಸು ಮೊದಲು ಹೊರಡುತ್ತದೋ ಅದನ್ನು ಹತ್ತಿ ತಿರುಗುತ್ತಿದ್ದೇವೆ. ಇವತ್ತು ಇಳಿದ ಊರಿನ ಹಳೆಯ ಚರ್ಚಿನೆದುರು, ಕಲ್ಲಿನ ಕಮಾನಿನಡಿ, ಒಬ್ಬ ಅಜ್ಜಿ ಪುಟ್ಟ ಮಗ್ಗದ ಒಂದು ತುದಿಯನ್ನು ಕಂಬಕ್ಕೂ ಇನ್ನೊಂದನ್ನು ತನ್ನ ಸೊಂಟಕ್ಕೂ ಬಿಗಿದುಕೊಂಡು ನೇಯುತ್ತಿದ್ದಳು. ಪಕ್ಕದ ಬುಟ್ಟಿಯಲ್ಲಿ ಬೆಲ್ಲದ ಬಣ್ಣದ ಹತ್ತಿಯಿತ್ತು.

“ಬಣ್ಣ ಹಾಕ್ಯಾರ ತಗಿ,” ಎಂದೆ.

“ಅಲ್ರೀ, ಗಿಡದಾಗ ಹಿಂಗ ಅರಳ್ಯಾದ,” ಎಂದಳು ನನ್ನ ಹೆಂಡತಿ ಶರಣಮ್ಮ. ನಾನು ಮಾನ್ವಿಯ ಮೇಷ್ಟ್ರು. ಅವಳು ದೇವದುರ್ಗದ ಹೊಲಗಳಲ್ಲಿ ಹತ್ತಿ ಬಿಡಿಸುತ್ತ ಬೆಳೆದವಳು.

ಅವಳು ಕೈಹಾಕಿದ್ದೇ ತಡ, ಅಜ್ಜಿ ಗದರಿ ಬುಟ್ಟಿಯನ್ನು ಹಿಂದಕ್ಕೆಳೆದುಕೊಂಡಳು. ಜನ ತಿರುಗಿ ನೋಡಿದರು. ನನಗೆ ನಾಚಿಕೆಯಾಯಿತು.

“ಬಾ, ಹೋಗೂಣು.”

“ತಡೀರಿ ಸ್ವಲ್ಪ.”

ನೆಲಕ್ಕೆ ಬಿದ್ದಿದ್ದ ಒಂದು ತುಣುಕು ಹತ್ತಿಯನ್ನು ಶರಣಮ್ಮ ಎತ್ತಿಕೊಂಡಳು. ಬೀಜ ಬಿಡಿಸಿ, ಹಿಂಜಿ, ಅಂಗೈಗಳ ನಡುವೆ ಹೊಸೆದು ದೀಪದ ಬತ್ತಿ ಮಾಡಿ ಅಜ್ಜಿಯ ಮುಂದೆ ಹಿಡಿದಳು. ಅಜ್ಜಿ ಅದನ್ನು ಜಗ್ಗಿ ನೋಡಿದಳು. ಹರಿಯಲಿಲ್ಲ. ಮುಖ ಸಡಿಲವಾಯಿತು. ಬುಟ್ಟಿಯನ್ನೇ ಶರಣಮ್ಮನ ಕಡೆ ಸರಿಸಿ, ಕೂರು ಎಂದು ನೆಲ ತಟ್ಟಿದಳು. ಆಮೇಲೆ ಗಿಡದ ಎತ್ತರವನ್ನು ಕೈಯಲ್ಲಿ ತೋರಿಸಿ, ಮುಷ್ಟಿ ಬಿಚ್ಚಿ, ಕಂದು ಹತ್ತಿಯನ್ನು ಮುಟ್ಟಿದಳು. ಗಿಡದಲ್ಲೇ ಅರಳಿದ ಬಣ್ಣ!

ಯಾವೂರು ಎಂದು ಅಜ್ಜಿ ಕೇಳಿದ್ದು ನನ್ನ ಅರೆಬರೆ ಸ್ಪ್ಯಾನಿಷ್‌ಗೂ ತಿಳಿಯಿತು. ನಾನು ಇಂಡಿಯಾ ಎನ್ನುವುದರೊಳಗೆ, ಶರಣಮ್ಮ “ದೇವದುರ್ಗ” ಎಂದಳು, ಇಡೀ ಜಗತ್ತಿಗೇ ಗೊತ್ತಿರುವ ಊರೆಂಬಂತೆ.

ಈಗ ಇಬ್ಬರೂ ಕೂತು ಬೀಜ ಬಿಡಿಸುತ್ತಿದ್ದಾರೆ. ಶರಣಮ್ಮನತ್ತ ಕೈತೋರಿಸಿ, ಆಕೆ ಯಾರು ಎಂದು ಪಕ್ಕದ ಅಂಗಡಿಯವನು ಕೇಳಿದ. “ನನ್ನ ಹೆಂಡತಿ,” ಎಂದೆ, ಬೇಕಾದ್ದಕ್ಕಿಂತ ತುಸು ಜೋರಾಗಿಯೇ.