ಮೇಣ ಮೂಗಿಗೆ, ಹುಣ್ಣು ಬಾಯಿಗೆ

ತಪ್ಪು ನನ್ನದೇ, ಮೊದಲೇ ಒಪ್ಪಿಬಿಡುತ್ತೇನೆ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಹಲ್ಲಿಗೆ ತಂತಿ ಹಾಕಿಸಿಕೊಂಡೆ. ತಂತಿ ಉಜ್ಜಿದಲ್ಲೆಲ್ಲ ಅಂಟಿಸಿಕೊಳ್ಳಲೆಂದು ನಾನು ಕೆಲಸದಲ್ಲಿರುವ ನಾಸಿಕ್ ಊರಿನ ಹಲ್ಲಿನ ಡಾಕ್ಟರು ಪುಟ್ಟ ಡಬ್ಬಿಯಲ್ಲಿ ಮೇಣ ಕೊಟ್ಟಿದ್ದರು. ನಾನು ಅಷ್ಟನ್ನೂ ಉಂಡೆ ಮಾಡಿ, ಮೂಗಿನ ಮೇಲೆ ನರೂಲಿಯಂತೆ ಮೆತ್ತಿಕೊಂಡು, ಆಫೀಸಿನಲ್ಲಿ ನಮ್ಮ ಮ್ಯಾನೇಜರರ ನಕಲು ಮಾಡಿದೆ. ಚಪ್ಪಾಳೆ ಬಿತ್ತು. ಹಿಂದೆಯೇ ಮ್ಯಾನೇಜರೂ ಬಂದರು. ಮೇಣ ಕಸದ ಬುಟ್ಟಿ ಸೇರಿತು. ಹೊಸದು ಕೇಳೋಣವೆಂದರೆ ಹಳೆಯದೇನಾಯಿತು ಎಂದು ಡಾಕ್ಟರು ಕೇಳುತ್ತಾರಲ್ಲ!

ಮೂರನೆಯ ದಿನ ಕನ್ನಡಿಯೆದುರು ತುಟಿ ಮಡಚಿ ನೋಡಿದವನು ಬೆಚ್ಚಿಬಿದ್ದೆ. ಎಡಗಡೆಯ ಕೆಳದುಟಿಯೊಳಗೆ, ಕೆಂಪು ಅಂಚಿನ ಎರಡು ಬಿಳಿ ಹುಣ್ಣುಗಳು ಜೋಡಿಯಾಗಿ ಸಂಸಾರ ಹೂಡಿದ್ದವು. ಕಣ್ಣಿಗೆ ಸಾಬುದಾಣಿ ಕಾಳಿನಷ್ಟು, ನಾಲಿಗೆಗೆ ಮಾತ್ರ ರಸ್ತೆಯ ಗುಂಡಿಯಷ್ಟು. ಅಲ್ಲಿಗೆ ಹೋಗಬೇಡವೆಂದರೂ ನಾಲಿಗೆ ಅಲ್ಲಿಗೇ ಹೋಗುತ್ತದೆ.

ಪ, ಬ, ಮ ತುಟಿಯಲ್ಲಿ ಹುಟ್ಟುವ ಅಕ್ಷರಗಳೆಂದು ಶಾಲೆಯಲ್ಲಿ ಉರುಹೊಡೆದಿದ್ದೆ. ಆ ಪಾಠ ತಲೆಗೆ ಹತ್ತಿದ್ದು ಈಗ. ಅಪ್ಪ, ಅಮ್ಮ, ಬೇಡ, ಮೊಸರು. ಕಷ್ಟಕಾಲದಲ್ಲಿ ಬೇಕಾಗುವ ಮಾತಿಗೆಲ್ಲ ತುಟಿಗೆ ತುಟಿ ತಾಗಲೇಬೇಕು. ನೋವಿಲ್ಲದೆ ಹೊರಬರುತ್ತಿದ್ದ ಮಾತು ಒಂದೇ: ಕಾಕಾ.

ಈ ಕಾಕಾ ಯಾರೆಂದು ಹೇಳಬೇಕು. ಅಪ್ಪನ ತಮ್ಮ, ಹುಟ್ಟಿದ್ದು ಭಾಲ್ಕಿಯಲ್ಲಿ, ಬಟ್ಟೆ ಅಂಗಡಿ ಛತ್ರಪತಿ ಸಂಭಾಜಿನಗರದಲ್ಲಿ. ನಾಲ್ಕು ವರ್ಷದಿಂದ ಅವರದು ಕಟ್ಟಿಸಿದ ಹಲ್ಲು. ಅವರ ನಕಲೇ ನನ್ನ ಕಲೆಯ ಶಿಖರ. ಕೆಳದುಟಿಯನ್ನು ಎಡಕ್ಕೆ ಎಳೆದು, ಮಾತನ್ನು ಬಾಯೊಳಗೇ ಎರಡು ಸುತ್ತು ಹೊರಳಿಸಿ ಬಿಡುವುದು. ಅವರ ಎದುರಿಗೇ ಕೂತು ನೋಡಿ ಕಲಿತ ವಿದ್ಯೆ. ಅದಿಲ್ಲದೆ ನಮ್ಮ ಮನೆತನದ ಯಾವ ಊಟವೂ ಮುಗಿಯುವುದಿಲ್ಲ. ಕಾಕಾ ಹಿಂದೆ ನಿಂತು ನೋಡುತ್ತಾರೆ, ನಗುವುದಿಲ್ಲ, ಹೊರಟುಹೋಗುತ್ತಾರೆ.

ಆ ಭಾನುವಾರ ಅವರ ಹೊಸ ಮನೆಯ ವಾಸ್ತು ಪೂಜೆ. ಎರಡು ದಿನದಿಂದ ನೆಟ್ಟಗೆ ಉಂಡಿರದ ನಾನು ನಾಸಿಕ್‌ನಿಂದ ಬಸ್ಸಿನಲ್ಲಿ ಹೊರಟೆ. ವೈಜಾಪುರದಲ್ಲಿ ಕುಡಿದ ಬಿಸಿ ಚಹಾಕ್ಕೆ ಕಣ್ಣಲ್ಲಿ ನೀರು ಬಂತು. ಕಾಕಾರ ಮನೆಯಲ್ಲಿ ಪಂಕ್ತಿಗೆ ಕೂತರೆ ಎಲೆಯ ತುಂಬ ಕಟಕಟ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಬಡಿಸುತ್ತಿದ್ದ ಕಾಕುಗೆ, ಅಂದರೆ ಕಾಕಾರ ಹೆಂಡತಿಗೆ, ತಂತಿ ಹುಣ್ಣಿಗೆ ತಾಗದಂತೆ ಕೆಳದುಟಿಯನ್ನು ಎಡಕ್ಕೆ ಎಳೆದುಕೊಂಡು ಬೇಡಿಕೊಂಡೆ:

"ಕಾಕು, ಖಾರ ಬ್ಯಾಡ್ರಿ. ಬಾಯಾಗ ಹುಣ್ಣ ಆಗ್ಯಾವ. ಮೊಸರನ್ನ ಹಾಕ್ರಿ."

ಇಡೀ ಪಂಕ್ತಿ ಹೋ ಎಂದು ನಕ್ಕಿತು.

"ಏಕ್‌ದಮ್ ಪಪ್ಪಾ! ಪರತ್ ಏಕ್‌ದಾ, ದಾದಾ!" ಎಂದು ಕಾಕಾರ ಮಗಳು ಅಶ್ವಿನಿ ಕೂಗಿದಳು. ಥೇಟ್ ಅವಳ ಅಪ್ಪನೇ ಅಂತೆ, ಅಣ್ಣ ಇನ್ನೊಮ್ಮೆ ಮಾಡಬೇಕಂತೆ!

"ನಕಲಲ್ಲ, ಖರೇನ ನೋವು!"

ಮತ್ತೂ ನಗು. "ಕಣ್ಣಾಗ ನೀರ್ ಭೀ ತಂದಾನ ನೋಡ್ರಿ, ಕಲಾಕಾರ!" ಎಂದು ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ಚಮಚ ಎಣ್ಣೆಗಾಯಿ ಹಾಕಿದರು.

ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ನನ್ನ ಜೀವಮಾನದ ಅತ್ಯುತ್ತಮ ನಕಲಿನಲ್ಲಿ ನಾನು ನಕಲೇ ಮಾಡಿರಲಿಲ್ಲ. ಅದಕ್ಕಿಂತ ದೊಡ್ಡ ಆಘಾತ ಆಮೇಲಿನದು: ಹುಣ್ಣಾದರೆ ನನ್ನ ದನಿ ಹೀಗೆ ಕಾಕಾರದ್ದಾಗುವುದಾದರೆ, ಕಾಕಾರ ದನಿ ಹೀಗಾದದ್ದು ಯಾತರಿಂದ?

ಹಿಂದೆ ನಿಂತಿದ್ದ ಕಾಕಾ ನನ್ನ ರಟ್ಟೆ ಹಿಡಿದು ಕೈತೊಳೆಯುವ ಜಾಗಕ್ಕೆ ಕರೆದೊಯ್ದರು.

"ಬಾಯಿ ತೆಗಿ."

ನೋಡಿದರು. ಅಂಗಿಯ ಕಿಸೆಯಿಂದ ಅರ್ಧ ಹಿಂಡಿದ್ದ ಮುಲಾಮಿನ ಟ್ಯೂಬು ತೆಗೆದು ಕೊಟ್ಟರು. "ಹಚ್ಕೋ. ಮೊಸರನ್ನ ನಾ ತರಸ್ತೀನಿ."

"ನಿಮಗೂ ಆಗ್ಯಾವೇನ್ರಿ ಕಾಕಾ?"

"ಹಲ್ಲಿನ ಸೆಟ್ ಹಾಕ್ದಾಗಿಂದ ಹೋಗ್ತಾವ, ಬರ್ತಾವ. ಬಂದು ಸೆಟ್ಟಿನ ಅಂಚು ಉಜ್ಜಿಸ್ಕೊಂಡ್ ಹೋಗ್ರಿ ಅಂತಾನ ಡಾಕ್ಟರ್. ದುಕಾನ್ ಬಿಟ್ಟು ಯಾವಾಗ ಹೋಗ್ಲಿ?"

ಮುಲಾಮು ಹಚ್ಚಿದ ಜಾಗ ಚುರ್ರೆಂದಿತು. ನಾಲ್ಕು ವರ್ಷ ನಾನು ಇನ್ನೊಬ್ಬರ ಹುಣ್ಣಿಗೆ ಚಪ್ಪಾಳೆ ಗಿಟ್ಟಿಸಿದ್ದೆ. ಹುಣ್ಣಿನ ಯಜಮಾನರು ಹಿಂದೆ ನಿಂತು ನೋಡಿದ್ದರು.

"ತಪ್ಪಾಯ್ತ್ರಿ ಕಾಕಾ. ಇನ್ಮ್ಯಾಲ ನಿಮ್ಮ ನಕಲು ಮಾಡಂಗಿಲ್ಲ."

ಕಾಕಾ ಟ್ಯೂಬಿನ ಮುಚ್ಚಳ ತಿರುಗಿಸಿ ಕಿಸೆಗೆ ಹಾಕಿಕೊಂಡರು.

"ಮಾಡು, ಯಾರ್ ಬ್ಯಾಡಂದ್ರು? ಆದ್ರ ನಾಕ್ ವರ್ಷದಿಂದ ಎಡಗಡಿ ತುಟಿ ಎಳೀಲಿಕತ್ತಿ. ನನ್ನ ಹುಣ್ಣು ಬಲಗಡಿ ಅದ."